ಉಗುರುಬೆಚ್ಚಗೆ

ಲೋಟ ನೆಲಕ್ಕೆ ಬಿದ್ದ ಸದ್ದಿಗೆ ಲಾಂಡ್ರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಟವೆಲ್ ಮಡಿಸುವುದಕ್ಕೆಂದು ಹೊಸದಾಗಿ ಸೇರಿದ್ದ ಹೆಂಗಸು ಬೆರಳುಗಳನ್ನು ಬಾಯಿಗೆ ಹಾಕಿಕೊಂಡು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಏನಣ್ಣಾ, ಸುಡ್ತಿದೆ ಅಂತ ಒಂದು ಮಾತು ಹೇಳ್ಬಾರ್ದಾ? ಕೆಂಡ ತಂದು ಕೈಲಿಟ್ಟ ಹಾಗಾಯ್ತು!" ಅವನು ಪೆಚ್ಚಾಗಿ ತನ್ನ ಕೈ ನೋಡಿಕೊಂಡ. ಆಗಷ್ಟೇ ಒಲೆಯಿಂದ ಇಳಿದ ಚಹಾ, ಸ್ಟೀಲ್ ಲೋಟದ ತುಂಬ. ಅದನ್ನು ತಳದಲ್ಲಿ ಹಿಡಿದು, ಇಡೀ ಲಾಂಡ್ರಿ ದಾಟಿ ಬಂದು, ನಡುವೆ ನಿಂತು ಯಾರದೋ ತಮಾಷೆಗೆ ನಕ್ಕು, ಆಮೇಲೆ ಅವಳ ಕೈಗೆ ಕೊಟ್ಟಿದ್ದ. ಅಂಚು ಹಿಡಿದುಕೊಳ್ಳಲಿ ಎಂದು ಹುಷಾರಾಗಿ ಕೊಡಬೇಕೆನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. "ಅವನ ಕೈಯಿಂದ ಏನೂ ಇಸ್ಕೋಬೇಡಮ್ಮ," ಎಂದು ಮೇಸ್ತ್ರಿ ಆ ಕಡೆಯಿಂದ ಕೂಗಿದ, "ನೀನು ಹೊಸಬಳು, ನಿಂಗೊತ್ತಿಲ್ಲ. ಅದು ಕೈಯಲ್ಲ, ಇಕ್ಕಳ." ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಬಗ್ಗಿ ನೆಲದ ಚಹಾ ಒರೆಸಿದ.

ಇಕ್ಕಳ ಎಂಬ ಹೆಸರು ಅವನಿಗೆ ಇಷ್ಟವೇ. ಹೋಟೆಲಿನ ನೆಲಮಾಳಿಗೆಯ ಈ ಲಾಂಡ್ರಿಗೆ ಸೇರಿದ ಹೊಸದರಲ್ಲಿ ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಹೊರಬೀಳುವ ಬೆಡ್‌ಶೀಟಿನ ಮೂಲೆ ಹಿಡಿದರೆ ಸಾಕು, ಬೆರಳಲ್ಲಿ ಗುಳ್ಳೆ ಏಳುತ್ತಿತ್ತು. ಗ್ಲೌಸು ಕೊಟ್ಟಿದ್ದರು. ಗ್ಲೌಸು ಹಾಕಿಕೊಂಡು ಮಡಿಸಿದರೆ ಮಡಿಕೆ ಕೂರುವುದಿಲ್ಲ, ಮೂಲೆಗೆ ಮೂಲೆ ಸೇರುವುದಿಲ್ಲ, ಬಟ್ಟೆ ಸೋತ ಮುಖ ಹಾಕಿಕೊಂಡು ಬಿದ್ದಿರುತ್ತದೆ. ಒಂದು ದಿನ ಬೇಸರ ಬಂದು ಕಿತ್ತೆಸೆದ. ಗುಳ್ಳೆ ಒಡೆದು, ಚರ್ಮ ಸುಲಿದು, ಮತ್ತೆ ಬಂದ ಚರ್ಮ ಗಟ್ಟಿಯಾಗಿ, ಆಮೇಲೆ ಅದರ ಯೋಚನೆಯೇ ಹೋಯಿತು. ಅವನು ಮಡಿಸಿದ ಶೀಟು ಬೇರೆಯಾಗಿಯೇ ಕಾಣುತ್ತದೆ ಎಂದು ಮೇಲಿನ ಮಹಡಿಯವರೂ ಹೇಳುತ್ತಾರಂತೆ. ನೆಂಟರ ಮನೆಯಲ್ಲಿ ಒಮ್ಮೆ ಕುದಿಯುವ ನೀರಿನಿಂದ ಬರಿಗೈಯಲ್ಲಿ ಮೊಟ್ಟೆ ಎತ್ತಿ ತೋರಿಸಿ ಮಕ್ಕಳಿಂದ ಶಿಳ್ಳೆ ಹೊಡೆಸಿಕೊಂಡಿದ್ದ. ಆವತ್ತು ಹೆಂಡತಿ, ಇನ್ನೂ ಹೊಸ ಹೆಂಡತಿ, ಓಡಿ ಬಂದು ಅವನ ಕೈ ತಿರುಗಿಸಿ ಮುರುಗಿಸಿ ನೋಡಿ, "ಏನೂ ಆಗಿಲ್ಲವಲ್ರೀ!" ಎಂದು ಕಣ್ಣರಳಿಸಿದ್ದಳು. ರೋಲರ್ ಮತ್ತೊಂದು ಶೀಟನ್ನು ಹೊರಕ್ಕೆ ತಳ್ಳಿತು. ಮೂಲೆ ಹಿಡಿದ, ಝಾಡಿಸಿದ, ಅರ್ಧಕ್ಕೆ ಮಡಿಸಿದ. ಕೆಂಡ ತಂದು ಕೈಲಿಟ್ಟ ಹಾಗೆ, ಎಂದಳಲ್ಲ ಅವಳು. ಅವನಿಗೆ ಆ ಲೋಟ ಬೆಚ್ಚಗಿದೆ ಎನ್ನಿಸಿತ್ತು, ಅಷ್ಟೇ. ಹಿತವಾಗಿ ಬೆಚ್ಚಗೆ. ಅದನ್ನು ಮತ್ತೆ ಕಾಲುಭಾಗಕ್ಕೆ ಮಡಿಸುವಷ್ಟರಲ್ಲಿ ಆ ಯೋಚನೆ ತಾನಾಗಿ ಬಂದು ಎದುರು ನಿಂತಿತು: ಹಾಗಾದರೆ ನೀರು?

"ಉಗುರುಬೆಚ್ಚಗಿನ ನೀರು," ಎಂದಿದ್ದರು ಡಾಕ್ಟರಮ್ಮ, ಕೂಸಿನ ಚರ್ಮ ತೋರಿಸಲು ಮೊದಲ ಸಲ ಹೋದಾಗ. "ಬೇಗ ಮುಗಿಸಿಬಿಡಿ. ತಿಕ್ಕಬೇಡಿ. ಸೋಪು ಕೊಳೆ ಇದ್ದಲ್ಲಿ ಮಾತ್ರ. ಒರೆಸೋದಲ್ಲ, ಬಟ್ಟೆ ಒತ್ತಿ ನೀರು ತೆಗೀರಿ. ಮೈ ಇನ್ನೂ ಹಸಿ ಇರೋವಾಗ್ಲೇ ಮುಲಾಮು." ಒಂದೊಂದನ್ನೂ ಅವನು ಕೇಳಿಸಿಕೊಂಡಿದ್ದ, ಮನೆಗೆ ಬಂದು ಒಂದೊಂದನ್ನೂ ಪಾಲಿಸಿದ್ದ. ಸ್ನಾನ ನನ್ನ ಇಲಾಖೆ, ನೀನು ತಲೆ ಹಾಕ್ಬೇಡ, ಎಂದು ಹೆಂಡತಿಗೆ ಜಂಬದಿಂದ ಹೇಳಿದ್ದ. ಅವನದು ಬೆಳಗಿನ ಜಾವದ ಪಾಳಿ, ಮಧ್ಯಾಹ್ನಕ್ಕೆ ಮನೆಗೆ ಬರುತ್ತಾನೆ. ಅವಳು ಹೊಲಿಗೆ ಕಾರ್ಖಾನೆಯಿಂದ ಬರುವುದು ಸಂಜೆ. ನಡುವಿನ ಹೊತ್ತು ಅವನದು ಮತ್ತು ಕೂಸಿನದು. ಹೋಟೆಲಿನವರು ತೆಗೆದುಹಾಕಿದ, ಒಗೆದು ಒಗೆದು ನೂಲೆಲ್ಲ ಮೆತ್ತಗಾದ ಹಳೆಯ ಶೀಟುಗಳನ್ನು ಕೇಳಿ ತಂದು, ಕತ್ತರಿಸಿ, ಮೈ ಒತ್ತುವುದಕ್ಕೆ ತುಂಡುಗಳನ್ನು ಮಾಡಿಟ್ಟುಕೊಂಡಿದ್ದ. ಅಂಗಡಿಯ ಟವೆಲ್ಲುಗಳು ಎಷ್ಟೇ ಮೆತ್ತಗೆ ಕಂಡರೂ ಕೂಸಿನ ಮೈಗೆ ಮುಳ್ಳು ಎಂದು ಅವನಿಗೆ ಗೊತ್ತು, ಬಟ್ಟೆ ಅವನ ಕಸುಬು. ಉಣ್ಣೆಗೆ ಎಷ್ಟು ಬಿಸಿ ಬೇಕು, ರೇಷ್ಮೆಗೆ ಎಷ್ಟು, ಬಣ್ಣದ ಹತ್ತಿಗೆ ಎಷ್ಟು, ಎಲ್ಲ ಬಾಯಿಪಾಠ. ಕತ್ತಿನ ಮಡಿಕೆ, ಮಂಡಿಯ ಹಿಂದೆ, ಕಿವಿಯ ಹಿಂದೆ, ಅಂಗೈಯಲ್ಲಿ ನೀರು ಹಿಡಿದು ಬಿಡುತ್ತಿದ್ದ, ಉಜ್ಜುತ್ತಿರಲಿಲ್ಲ. ನೀರು ಸೇರಿಸುವಾಗ ಕೈ ಅದ್ದಿ ಪರೀಕ್ಷೆ ಮಾಡುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಣ್ಣಗೆನ್ನಿಸಿದರೆ ಇನ್ನೊಂದು ಚೊಂಬು ಬಿಸಿ. ಕೈಗೆ ಹಿತವಾಗುವವರೆಗೆ, ಇನ್ನೊಂದು, ಮತ್ತೊಂದು.

ಮೊದಮೊದಲು ಕೂಸು ಅಳುತ್ತಿತ್ತು. ಯಾವ ಕೂಸು ಸ್ನಾನಕ್ಕೆ ಅಳುವುದಿಲ್ಲ? ಅಮ್ಮ ಬೇಕೆಂದು ಹಟ ಎಂದುಕೊಂಡು, ಸ್ವಲ್ಪ ಹೊಟ್ಟೆಕಿಚ್ಚನ್ನೂ ಪಟ್ಟಿದ್ದ. ಆಮೇಲೆ ಅಳು ನಿಂತಿತು. ರೂಢಿಯಾಯಿತು, ಗೆದ್ದೆ, ಎಂದುಕೊಂಡ. ಅಳು ನಿಂತ ಮೇಲೆ ಶುರುವಾದದ್ದು ಕುಣಿತ. ಟಬ್ಬಿನಲ್ಲಿ ಇಳಿಸಿದ ಕೂಡಲೇ ಕೂಸು ಅವನ ಎರಡು ಭುಜ ಹಿಡಿದುಕೊಂಡು ಒಂದು ಕಾಲು ಎತ್ತುತ್ತಿತ್ತು, ಅದನ್ನು ಇಟ್ಟು ಇನ್ನೊಂದು, ಮತ್ತೆ ಇದು, ಮತ್ತೆ ಅದು. ತುಟಿ ಬಿಗಿದುಕೊಂಡು, ಹುಬ್ಬು ಗಂಟಿಕ್ಕಿಕೊಂಡು, ದೊಡ್ಡ ಕೆಲಸವೊಂದನ್ನು ಮಾಡುವವರ ಗಂಭೀರ ಮುಖ. ಅವನಿಗೆ ತಡೆಯಲಾರದ ನಗು. ತಕತಕ ತೈ ಎಂದು ಬಾಯಲ್ಲಿ ತಾಳ ಹಾಕಿದ. ಚೊಂಬು ಬಡಿದ. ಕೂಸು ಒಮ್ಮೊಮ್ಮೆ ಅವನು ನಗುವುದನ್ನು ನೋಡಿ ತಾನೂ ನಗಲು ನೋಡುತ್ತಿತ್ತು, ಕಾಲು ಮಾತ್ರ ನಿಲ್ಲಿಸುತ್ತಿರಲಿಲ್ಲ. ಹೆಂಡತಿಗೆ ಹೇಳಿದರೆ ನಂಬಲಿಲ್ಲ. "ನನ್ನ ಹತ್ರ ಸುಮ್ನೆ ಕೂತಿರ್ತಾಳಪ್ಪ. ಭಾನುವಾರ ನಾನು ಮಾಡಿಸುವಾಗ ಟಬ್ಬಿಂದ ಏಳೋದೇ ಇಲ್ಲ." "ಅದು ನಿನ್ನ ಅದೃಷ್ಟ. ಅಪ್ಪನಿಗೆ ಮಾತ್ರ ಕುಣಿತ," ಎಂದು ಅವನು ಬೀಗಿದ. ಅವಳಿಗೆ ರಜೆ ಸಿಕ್ಕ ಒಂದು ಮಧ್ಯಾಹ್ನ ಕರೆದು ತೋರಿಸಿಯೇಬಿಟ್ಟ. ಅವಳು ಬಚ್ಚಲ ಬಾಗಿಲಲ್ಲಿ ನಿಂತು ನೋಡಿ ಚಪ್ಪಾಳೆ ತಟ್ಟಿದಳು. ಎಷ್ಟೋ ದಿನಗಳ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಅವತ್ತು.

ಅವಳು ನಗುವುದನ್ನು ಬಿಟ್ಟಿದ್ದಳು. ಕೂಸಿನ ಮೈ ಕೆಂಪಾಗಿ, ತುರಿಸಿ, ಕಾಲಿನ ಚರ್ಮ ಒಣಗಿ ಬಿರಿಯತೊಡಗಿದ ಮೇಲೆ ಅವಳ ಇಡೀ ಬುದ್ಧಿ ಅಲ್ಲೇ ಸುತ್ತುತ್ತಿತ್ತು. ಕೂಸಿನ ಬಟ್ಟೆಗಳ ಲೇಬಲ್ಲುಗಳನ್ನೆಲ್ಲ ಕತ್ತರಿಸಿ ತೆಗೆದಳು. ಹೊಲಿಗೆ ತಾಕಬಾರದೆಂದು ಅಂಗಿಗಳನ್ನೆಲ್ಲ ತಿರುವುಮುರುವಾಗಿ ಹಾಕುತ್ತಾಳೆ, ಕೂಸು ಯಾವಾಗಲೂ ಅವಸರದಲ್ಲಿ ಬಟ್ಟೆ ಹಾಕಿಕೊಂಡು ಬಂದವರ ಹಾಗೆ ಕಾಣುತ್ತದೆ. ತಾನು ಉಗುರು ಬಿಡುವುದನ್ನು ನಿಲ್ಲಿಸಿದಳು, ಉಂಗುರ ತೆಗೆದಿಟ್ಟಳು, ಸೋಪು ಬದಲಾಯಿಸಿದಳು, ಬದಲಾಯಿಸಿದ್ದನ್ನು ಮತ್ತೆ ಬದಲಾಯಿಸಿದಳು. ಫೋನಿನಲ್ಲಿ ಅವನ ಅಮ್ಮ, "ನಮ್ಮ ಕಡೆ ಯಾರಿಗೂ ಇಂಥ ಚರ್ಮ ಇಲ್ಲಪ್ಪ. ಅವಳ ತಂಗಿಗೆ ಇತ್ತಂತಲ್ಲ, ಚಿಕ್ಕವಳಿದ್ದಾಗ?" ಎಂದದ್ದು ಪಕ್ಕದಲ್ಲೇ ಕೂತಿದ್ದ ಅವಳಿಗೆ ಕೇಳಿಸಿತ್ತು. ಅವನು ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳಬಹುದಿತ್ತು. ಇದ್ದರೂ ಇರಬಹುದು ಎಂದು ಅವನಿಗೂ ಒಳಗೊಳಗೆ ಅನ್ನಿಸಿತ್ತು, ಸುಳ್ಳು ಯಾಕೆ. ಆ ರಾತ್ರಿ ಅವಳು ಊಟಕ್ಕೆ ಬಡಿಸುತ್ತ, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವಂತೆ, "ನನ್ನ ತಂಗಿಗೆ ಆಮೇಲೆ ಪೂರ್ತಿ ವಾಸಿಯಾಯ್ತು," ಎಂದಿದ್ದಳು. ಕೂಸಿನ ಮೈಗೆ ತನ್ನ ರಕ್ತವೇ ಕಾರಣ ಎಂದು ಒಪ್ಪಿಕೊಂಡವರ ಧ್ವನಿ ಅದು. ಅವನು ಇನ್ನೂ ಸ್ವಲ್ಪ ಅನ್ನ ಹಾಕು ಎಂದಿದ್ದ.

ಪಾಳಿ ಮುಗಿಯುವುದಕ್ಕೆ ಇನ್ನೂ ಹೊತ್ತಿತ್ತು. ಬಾಯ್ಲರಿನಿಂದ ರೋಲರಿಗೆ ಹೋಗುವ ಆವಿಯ ಪೈಪು ಗೋಡೆಯ ಮೇಲೆ ಒಂದು ಕಡೆ ಬೆತ್ತಲೆಯಾಗಿತ್ತು, ಸುತ್ತಿದ್ದ ಬಟ್ಟೆ ಹರಿದು. ಯಾರೂ ಇಲ್ಲದ್ದನ್ನು ನೋಡಿ ಅವನು ಅಲ್ಲಿಗೆ ಹೋಗಿ ಬೆರಳ ತುದಿ ಇಟ್ಟ. ಬೆಚ್ಚಗೆ. ಅಂಗೈ ಇಟ್ಟ. ಬೆಚ್ಚಗೆ, ಸ್ವಲ್ಪ ಜಾಸ್ತಿ ಬೆಚ್ಚಗೆ. ಮಣಿಕಟ್ಟನ್ನು ಇನ್ನೂ ಇಟ್ಟಿರಲಿಲ್ಲ, ತಗುಲಿಸಿದ್ದಷ್ಟೇ, ತೋಳು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಹಾರಿತು. ಕೆಂಪು ಗೆರೆ ಮೂಡಿತು. "ಏನಯ್ಯಾ, ಪೈಪಿಗೆ ಮುದ್ದು ಮಾಡ್ತಿದೀಯಾ?" ಎಂದ ಮೇಸ್ತ್ರಿ ಬೆನ್ನ ಹಿಂದಿನಿಂದ. ಅವನು ಹಲ್ಲು ಕಿರಿದ. ಪೈಪಿನ ಮಾತು ಬೇರೆ, ನೀರಿನ ಮಾತು ಬೇರೆ, ಎಂದು ವಾದ ಹೂಡಿದ ತನ್ನೊಳಗೇ. ಆವಿಯ ಪೈಪಿಗೂ ಬಚ್ಚಲ ಗೀಸರಿಗೂ ಎಲ್ಲಿಯ ಸಂಬಂಧ. ಸುಟ್ಟಿದ್ದರೆ ಗುಳ್ಳೆ ಬರಬೇಕಿತ್ತಲ್ಲ, ಕಿರುಚಬೇಕಿತ್ತಲ್ಲ. ಕಿರುಚಿತ್ತು, ಮೊದಮೊದಲು. ಅಮ್ಮ ಬೇಕೆಂದು ಅಲ್ಲವೇ ಅದು? ಅಮ್ಮ ಎಂದು ಕೂಗಿತ್ತೇ? ನೆನಪು ಮಾಡಿಕೊಳ್ಳಲು ನೋಡಿದ. ಕೂಗಿದ್ದು ಅಪ್ಪ ಎಂದು. ಅಪ್ಪ, ಅಪ್ಪ ಎಂದು ಅವನ ಕಡೆಗೇ ಕೈ ಚಾಚಿಕೊಂಡು ಅಳುತ್ತಿತ್ತು, ಅವನು ಇಲ್ಲೇ ಇದೀನಲ್ಲ ಚಿನ್ನ, ಎಂದು ಟಬ್ಬಿಗೆ ಇನ್ನೊಂದು ಚೊಂಬು ಸುರಿಯುತ್ತಿದ್ದ.

ಮನೆಗೆ ಬರುವ ದಾರಿಯಲ್ಲಿ ಅವನು ಅಡ್ಡರಸ್ತೆ ಹಿಡಿದು ಸುತ್ತಿಬಳಸಿ ಬಂದ. ಕೆಳಗಿನ ಮನೆಯ ಅಜ್ಜಿ ಕೂಸನ್ನು ನೋಡಿಕೊಳ್ಳುತ್ತಿದ್ದರು. "ಇವತ್ತು ಡಾಕ್ಟ್ರ ಹತ್ರ ಅಲ್ವೇನಪ್ಪ? ಬೇಗ ಸ್ನಾನ ಮಾಡ್ಸು, ಚೊಕ್ಕಟವಾಗಿ ಹೋಗ್ಲಿ," ಎಂದು ಕೂಸನ್ನು ದಾಟಿಸಿದರು. ಕೂಸು ಎಂದಿನಂತೆ ಅವನ ಕಿವಿ ಹಿಡಿದುಕೊಂಡಿತು. ಮೆಟ್ಟಿಲು ಹತ್ತುವಾಗ ಅವನ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಇದಕ್ಕೆ ನನ್ನ ಮೇಲೆ ಸಿಟ್ಟೇ ಇಲ್ಲವಲ್ಲ, ಎಂದು ಅವನಿಗೆ ಅಳು ಬಂದಂತಾಯಿತು. ಬಚ್ಚಲಲ್ಲಿ ಗೀಸರ್ ಹಾಕಿ, ಬಿಸಿನೀರು ಬಿಟ್ಟು, ತಣ್ಣೀರು ಬಿಟ್ಟು, ದಿನಾ ಮಾಡುವ ಹಾಗೆಯೇ ಮಾಡಿದ. ಬೇಕೆಂದೇ ಹಾಗೆ ಮಾಡಿದ. ಕೈ ಅದ್ದಿದ. ತಣ್ಣಗಿದೆ ಎನ್ನಿಸಿತು, ಇನ್ನೊಂದು ಚೊಂಬು ಬಿಸಿ ಹಾಕಿದ. ಮತ್ತೊಂದು. ಈಗ ಹಿತವಾಗಿತ್ತು. ಇದೇ, ಉಗುರುಬೆಚ್ಚಗೆ ಅಂದರೆ ಇದೇ. ಅಂಗಿಯ ತೋಳು ಮೇಲಕ್ಕೇರಿಸಿ, ಉಸಿರು ಬಿಗಿಹಿಡಿದು, ಮೊಣಕೈಯನ್ನು ನೀರಿಗೆ ಇಳಿಸಿದ. ಚುರ್ ಎಂದಿತು. ಎಳೆದುಕೊಳ್ಳಬಾರದು ಎಂದು ಹಲ್ಲು ಕಚ್ಚಿ ಹಿಡಿದ. ಆಗಲಿಲ್ಲ, ಎಳೆದುಕೊಂಡ. ಗುಳ್ಳೆ ಏಳುವಂಥ ಬಿಸಿಯಲ್ಲ. ದೊಡ್ಡವರಾದರೆ ಹಾಂ ಎಂದು ಕಾಲು ಹಿಂದಕ್ಕೆ ತೆಗೆದುಕೊಂಡು ಇನ್ನೊಂದಿಷ್ಟು ತಣ್ಣೀರು ಬಿಡುವಂಥ ಬಿಸಿ. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲದವರಿಗೆ ಅದು ಎಂಥ ಬಿಸಿಯೋ ಅವನಿಗೆ ತಿಳಿಯದು.

ತಿರುಗಿ ನೋಡಿದಾಗ ಕೂಸು ಬಾಗಿಲಲ್ಲಿ ನಿಂತಿತ್ತು. ಅವನೇ ಬಟ್ಟೆ ಬಿಚ್ಚಿ ನಿಲ್ಲಿಸಿ ಬಂದಿದ್ದ. ಟಬ್ಬನ್ನು ನೋಡುತ್ತಿತ್ತು, ಟಬ್ಬಿನ ಮೇಲೆ ಏಳುತ್ತಿದ್ದ ತೆಳು ಹಬೆಯನ್ನು. ನೋಡುತ್ತ ನೋಡುತ್ತ ಒಣನೆಲದ ಮೇಲೆ ಒಂದು ಕಾಲೆತ್ತಿತು. ಅದನ್ನು ಇಟ್ಟು ಇನ್ನೊಂದು ಎತ್ತಿತು. ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಇನ್ನೂ ನೀರಿಗೆ ಇಳಿಯದೆ, ಯಾರೂ ತಾಳ ಹಾಕದೆ. ಕೂಸು ಅವನ ಮುಖ ನೋಡಿ, ತಾನು ಏನೋ ತಪ್ಪು ಮಾಡಿದೆನೆಂದುಕೊಂಡಿತೋ ಏನೋ, ಬೇಗ ಬೇಗ ಎತ್ತತೊಡಗಿತು. "ಬೇಡ ಮಗಳೇ, ಬೇಡ, ಬೇಡ ಕಣೇ," ಎನ್ನುತ್ತ ಅವನು ಟಬ್ಬನ್ನು ಹಾಗೇ ಬಗ್ಗಿಸಿ ನೀರನ್ನೆಲ್ಲ ಚೆಲ್ಲಿಬಿಟ್ಟ. ನೀರು ಕೂಸಿನ ಕಡೆಗೇ ಹರಿಯಿತು. ಹಾರಿ ಹೋಗಿ ಎತ್ತಿಕೊಂಡ. ಇಂಥ ಪೆದ್ದ ಈ ಭೂಮಿಯ ಮೇಲೆ ಇನ್ನೊಬ್ಬನಿರಲಿಕ್ಕಿಲ್ಲ ಎನ್ನಿಸಿ, ಕೂಸನ್ನು ಎದೆಗೊತ್ತಿಕೊಂಡು ಒದ್ದೆ ನೆಲದ ನಡುವೆ ಸುಮ್ಮನೆ ನಿಂತ. ಮತ್ತೆ ನೀರು ತುಂಬುವಾಗ ಚೊಂಬಿಗೊಮ್ಮೆ ಮೊಣಕೈ ಇಟ್ಟು ನೋಡಿದ. ನಂಬಿಕೆ ಬರಲಿಲ್ಲ, ಕೆನ್ನೆಯನ್ನೂ ಇಟ್ಟು ನೋಡಿದ. ಕೊನೆಗೆ ಇಳಿಸಿದಾಗ ಕೂಸು ಅವನ ಭುಜ ಬಿಗಿಯಾಗಿ ಹಿಡಿದು, ಕಾಲು ಮಡಿಸಿಕೊಂಡು, ನೇತಾಡಿತು. ಮೆಲ್ಲಗೆ ಒಂದು ಹೆಬ್ಬೆರಳು ತಾಕಿಸಿತು. ಪಾದ ಇಟ್ಟಿತು. ಸ್ವಲ್ಪ ಹೊತ್ತು ಏನೋ ಕೇಳಿಸಿಕೊಳ್ಳುವವರ ಹಾಗೆ ನಿಂತಿತ್ತು. ಆಮೇಲೆ ಕೂತುಕೊಂಡುಬಿಟ್ಟಿತು. ನೀರಿಗೆ ಅಂಗೈ ಬಡಿದು ಅವನ ಮುಖಕ್ಕೆ ಎರಚಿ ಕಿಲಕಿಲ ನಕ್ಕಿತು. ಅಪ್ಪನ ಮುಂದೆ ಅದು ಟಬ್ಬಿನಲ್ಲಿ ಕೂತದ್ದು ಅದೇ ಮೊದಲು. ಕೂರಲಾರದ ನೀರಿನಲ್ಲಿ ಅದು ಇಷ್ಟು ದಿನ ಅವನನ್ನು ಹಿಡಿದುಕೊಂಡು ನಿಂತಿತ್ತು, ಬೇರೆ ಹಿಡಿದುಕೊಳ್ಳಲು ಅಲ್ಲಿ ಇನ್ನೇನೂ ಇರಲಿಲ್ಲ. ಮುಖದ ಮೇಲಿನ ನೀರನ್ನು ಅವನು ಒರೆಸಿಕೊಳ್ಳಲಿಲ್ಲ.

ಹೆಂಡತಿ ಕಾರ್ಖಾನೆಯಿಂದ ನೇರವಾಗಿ ಕ್ಲಿನಿಕ್ಕಿಗೆ ಬಂದಿದ್ದಳು. ಕೂದಲಿನಲ್ಲಿ ದಾರದ ತುಣುಕೊಂದು ಸಿಕ್ಕಿಕೊಂಡಿತ್ತು. ಕೂಸನ್ನು ಇಸಿದುಕೊಂಡು ಮೊದಲು ಕಾಲು ನೋಡಿದಳು, ಆಮೇಲೆ ಮುಖ. "ಸ್ನಾನ ಆಯ್ತಾ? ಅತ್ಲಾ?" "ಇಲ್ಲ," ಎಂದ. ಕಾಯುವ ಬೆಂಚಿನ ಮೇಲೆ ಹೇಳಿಬಿಡಬೇಕೆಂದು ಎರಡು ಮೂರು ಸಲ ಬಾಯಿ ತೆರೆದ. ಪಕ್ಕದಲ್ಲಿ ಯಾರೋ ಮುದುಕರು ಕೆಮ್ಮುತ್ತಿದ್ದರು, ಎದುರಿಗೆ ಒಬ್ಬಳು ಹುಡುಗಿ ಮೊಬೈಲಿನಲ್ಲಿ ಹಾಡು ಹಾಕಿಕೊಂಡಿದ್ದಳು. ಇವರೆಲ್ಲ ಕೇಳಿಸಿಕೊಳ್ಳುತ್ತಾರೆ ಎನ್ನಿಸಿತು, ಅದು ನೆವ ಎನ್ನುವುದೂ ತಿಳಿದಿತ್ತು. ಒಳಗೆ ಡಾಕ್ಟರಮ್ಮ ಕೂಸನ್ನು ಮೇಜಿನ ಮೇಲೆ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಕಾಲಿನ ಮೇಲೆ ಬೆರಳಾಡಿಸಿದರು. "ಬೆನ್ನು, ಕೈ ಎಲ್ಲ ಎಷ್ಟೋ ವಾಸಿ. ಇದು ಮಾತ್ರ ನೋಡಿ. ಇಲ್ಲಿಂದ ಕೆಳಗೆ ಕೆಂಪು, ಇಲ್ಲಿಂದ ಮೇಲಕ್ಕೆ ಏನೂ ಇಲ್ಲ. ಗೆರೆ ಎಳೆದ ಹಾಗಿದೆ, ಕಾಲುಚೀಲ ಹಾಕಿದ ಹಾಗೆ." ಅವನಿಗೆ ಕಂಡಿತು. ದಿನಾ ಮುಲಾಮು ಹಚ್ಚುತ್ತಿದ್ದವನಿಗೆ ಇಷ್ಟು ದಿನ ಕಾಣದ್ದು ಈಗ ಢಾಳಾಗಿ ಕಂಡಿತು. ಆ ಗೆರೆ ಟಬ್ಬಿನ ನೀರಿನ ಮಟ್ಟ. "ಸ್ನಾನ ಯಾರು ಮಾಡ್ಸೋದು ಅಂದ್ರಿ?"

"ನಾನೇ ಡಾಕ್ಟ್ರೇ," ಎಂದಳು ಹೆಂಡತಿ. ಹೋದ ಸಲವೂ ಹೀಗೇ ಹೇಳಿದ್ದಳು, ಅವನು ಬಾಯಿ ತೆರೆಯುವ ಮೊದಲೇ. ಹೊರಗೆ ಬಂದ ಮೇಲೆ, "ಗಂಡ ಮಾಡಿಸ್ತಾನೆ ಅಂದ್ರೆ ನನ್ನ ಎಂಥ ತಾಯಿ ಅಂದ್ಕೊಳ್ತಾರೆ," ಎಂದಿದ್ದಳು. ತನ್ನ ಕೆಲಸದ ಹೆಸರನ್ನು ಅವಳು ಹೊಡೆದುಕೊಂಡಳಲ್ಲ ಎಂದು ಆವತ್ತು ಅವನಿಗೆ ಒಳಗೇ ಚುಚ್ಚಿತ್ತು. "ನೀರು ಬಿಸಿ ಜಾಸ್ತಿ ಹಾಕ್ತಿದೀರಮ್ಮ," ಎಂದರು ಡಾಕ್ಟರಮ್ಮ, ಮೇಲೆ ನೋಡದೆ. "ಇಲ್ಲ ಡಾಕ್ಟ್ರೇ, ಕೈಯಿಟ್ಟು ನೋಡೀನೇ—" "ಕೈಯಲ್ಲ ಕಣಮ್ಮ, ಕೂಸಿನ ಮೈ. ನಿಮಗೆ ಹಿತ ಅನ್ನಿಸೋದು ಅದಕ್ಕೆ ಹಿತ ಆಗ್ಬೇಕು ಅಂತೇನಿಲ್ಲ. ಓದಿದೀರಿ ತಾನೆ? ಒಂದು ಸಲ ಹೇಳಿದ್ರೆ ಅರ್ಥ ಆಗ್ಬೇಕು. ಇದರ ಮೇಲೆ ನಾನು ಎಷ್ಟು ಮುಲಾಮು ಕೊಟ್ಟರೇನು ಉಪಯೋಗ?" ಹೆಂಡತಿ ತಲೆ ತಗ್ಗಿಸಿದಳು. ಕತ್ತಿನ ಹಿಂಭಾಗ ಕೆಂಪೇರಿತು. ಬೈಸಿಕೊಳ್ಳುವಾಗ ಅವಳಿಗೆ ಹಾಗಾಗುತ್ತದೆ ಎಂದು ಅವನಿಗೆ ಗೊತ್ತು. ಈಗ, ಎಂದುಕೊಂಡ. ಈಗ ಹೇಳು. ನಾನು ಎಂದು ಒಂದೇ ಮಾತು. ಡಾಕ್ಟರಮ್ಮ ಅವನ ಕಡೆ ತಿರುಗಿದರು, "ನೀವೂ ಸ್ವಲ್ಪ ಮನೆ ಕಡೆ ಗಮನ ಕೊಡಿ," ಎಂದರು. ಅವನು, "ಮುಲಾಮು ದಿನಕ್ಕೆ ಎರಡು ಸಲಾನಾ, ಮೂರು ಸಲಾನಾ ಮೇಡಂ?" ಎಂದು ಕೇಳಿದ. ತನ್ನ ಧ್ವನಿ ಎಷ್ಟು ಮರ್ಯಾದಸ್ಥನದಾಗಿತ್ತು ಎಂಬುದು ಅವನ ಕಿವಿಗೇ ಬಿತ್ತು.

ಹೊರಗೆ ಬಂದು ನಡೆಯತೊಡಗಿದರು. ಅಂಗಡಿಗಳ ದೀಪಗಳು ಹತ್ತಿಕೊಳ್ಳುತ್ತಿದ್ದವು. ಕೂಸು ಇಬ್ಬರ ಕೈ ಹಿಡಿದು ನಡುವೆ ಜೀಕುತ್ತ ಬರುತ್ತಿತ್ತು. ಹೆಂಡತಿ ಕೂಸಿನ ಕಾಲನ್ನೇ ನೋಡುತ್ತ ನಡೆದಳು. ಆಮೇಲೆ, "ನಂಗೆ ಬಿಸಿ ನೀರೇ ಅಭ್ಯಾಸ ಅಲ್ವಾ," ಎಂದಳು, ಲೆಕ್ಕ ಸಿಕ್ಕವರ ಹಾಗೆ. "ಭಾನುವಾರ ನಾನು ಮಾಡಿಸೋವಾಗ ಹಾಗೇ ಹಾಕಿಬಿಟ್ಟಿರ್ಬೇಕು. ನೋಡಿ, ಗೊತ್ತೇ ಆಗ್ಲಿಲ್ಲ ನಂಗೆ. ತಂಗಿ ಚರ್ಮ, ಅದು ಇದು ಅಂತ ಏನೇನೋ ಅಂದ್ಕೊಂಡೆ. ಇನ್ಮೇಲೆ ಭಾನುವಾರಾನೂ ನೀವೇ ಮಾಡ್ಸಿಬಿಡಿ. ನಿಮ್ಮ ಕೈ ಆದ್ರೆ ನಂಗೆ ಧೈರ್ಯ." ಅವಳು ಇದನ್ನು ಹೇಳದೆ ಇದ್ದಿದ್ದರೆ ಅವನು ಸುಮ್ಮನಿದ್ದುಬಿಡುತ್ತಿದ್ದನೋ ಏನೋ. ನಾಳೆಯಿಂದ ಮೊಣಕೈ ಇಟ್ಟು ನೋಡಿಕೊಂಡು, ಕಾಲು ವಾಸಿಯಾಗಿ, ಯಾರಿಗೂ ಏನೂ ತಿಳಿಯದೆ ಮುಗಿದುಹೋಗುತ್ತಿತ್ತು. ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗ ಅಷ್ಟೆಲ್ಲವನ್ನೂ ಅವನು ಯೋಚಿಸಿ ಇಟ್ಟುಕೊಂಡಿದ್ದ. "ನಿನ್ನಿಂದ ಅಲ್ಲ ಕಣೇ," ಎಂದ. ನಿಂತುಬಿಟ್ಟಿದ್ದ. ಹಿಂದೆ ಬರುತ್ತಿದ್ದವರು ಗೊಣಗಿಕೊಂಡು ಪಕ್ಕಕ್ಕೆ ಹೋದರು. "ನೀರು ಸುಡ್ತಿತ್ತು. ನಾನು ಮಾಡಿಸೋವಾಗ. ದಿನಾ."

"ಕೈಯಿಟ್ಟು ನೋಡ್ತಿದ್ರಲ್ಲ."

"ನೋಡ್ತಿದ್ದೆ. ಈ ಕೈಗೆ ಗೊತ್ತಾಗಲ್ಲ. ಇವತ್ತು ಮೊಣಕೈ ಇಟ್ಟೆ. ಇಟ್ಕೊಳ್ಳೋಕೆ ಆಗ್ಲಿಲ್ಲ."

ಅವಳು ಅವನ ಕೈಯನ್ನು ನೋಡಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಎದುರಿನ ಅಂಗಡಿಯವನು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದುದನ್ನು ನೋಡುತ್ತ ನಿಂತಳು. ಒಂದಕ್ಕೊಂದು ಸೇರಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು, ಅವಳು ಎಲ್ಲಿಗೆ ಬಂದು ಮುಟ್ಟುತ್ತಾಳೆ ಎಂಬುದೂ. ಅಷ್ಟರೊಳಗೆ ಬೇರೇನಾದರೂ ಹೇಳಬೇಕೆಂದುಕೊಂಡ. "ಮತ್ತೆ ಅವಳು ಕುಣೀತಿದ್ದದ್ದು?" ಎಂದಳು. "ರೀ, ಅವಳು ಕಾಲು ಎತ್ತಿ ಎತ್ತಿ—" ಮುಗಿಸಲಿಲ್ಲ. ಕೈ ಬಾಯಿಗೆ ಹೋಯಿತು. "ನಾನೂ ಚಪ್ಪಾಳೆ ತಟ್ಟಿದೆನಲ್ಲ," ಎಂದಳು, ಬೆರಳುಗಳ ಒಳಗಿನಿಂದ. ಆಮೇಲೆ ಬಗ್ಗಿ ಕೂಸನ್ನು ಅವನ ಕೈಯಿಂದ ಬಿಡಿಸಿಕೊಂಡು ಎತ್ತಿಕೊಂಡಳು. ನಡೆಯತೊಡಗಿದಳು. ತುಸು ದೂರ ಹೋಗಿ, ಹಿಂದೆ ತಿರುಗದೆ, "ರೇಷ್ಮೆಗೆ ಎಷ್ಟು ಬಿಸಿ ಅಂತ ಗೊತ್ತು ನಿಮಗೆ," ಎಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ಭುಜದ ಮೇಲಿನಿಂದ ಕೂಸು ಅವನಿಗೆ ಕೈ ಬೀಸಿತು, ಟಾಟಾ ಮಾಡುವುದನ್ನು ಈಚೆಗಷ್ಟೇ ಕಲಿತಿತ್ತು. ಅವನೂ ಕೈಯೆತ್ತಿದ, ಎತ್ತಿದ ಕೈ ನೋಡಿಕೊಂಡು ಇಳಿಸಿದ. ಅಷ್ಟು ದೂರದಲ್ಲೇ, ಹತ್ತಿರ ಹೋಗದೆ, ಅವರ ಹಿಂದೆ ಮನೆಯವರೆಗೂ ನಡೆದ.

ಮನೆಯಲ್ಲಿ ಅವಳು ಕೂಸಿಗೆ ಉಣ್ಣಿಸಿದಳು, ಮುಖ ಒರೆಸಿದಳು, ತಿರುವುಮುರುವು ಅಂಗಿಯನ್ನು ಬಿಚ್ಚಿ ಇನ್ನೊಂದು ತಿರುವುಮುರುವು ಅಂಗಿ ಹಾಕಿದಳು. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತುಕೊಂಡು, ನಿಂತದ್ದು ಅಡ್ಡಿಯಾಯಿತೇನೋ ಎಂದು ಹಾಲಿಗೆ ಬಂದು, ಅಲ್ಲಿ ಕೂತದ್ದು ಹೆಚ್ಚಾಯಿತೇನೋ ಎಂದು ಎದ್ದು ನಿಂತ. ಸ್ವಂತ ಮನೆಯಲ್ಲಿ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ಕೂಸನ್ನು ಚಾಪೆಯ ಮೇಲೆ ಕೂರಿಸಿ ಹೊಸ ಮುಲಾಮಿನ ಮುಚ್ಚಳ ತೆಗೆದಳು. ಕೂಸು ಕಾಲೆಳೆದುಕೊಂಡಿತು. "ಅಪ್ಪ," ಎಂದಿತು. ಮುಲಾಮು ಹಚ್ಚುವುದು ಅಪ್ಪನ ಕೆಲಸ, ಅದಕ್ಕೆ ಗೊತ್ತಿದ್ದ ಕಾಯಿದೆ ಅದು. "ಇವತ್ತು ಅಮ್ಮ ಹಚ್ತಾಳೆ ಪುಟ್ಟಾ." "ಅಪ್ಪ!" ರಂಪ ಶುರುವಾಯಿತು. ಟ್ಯೂಬನ್ನು ಕಿತ್ತುಕೊಂಡು ಅವನ ಕಡೆ ಎಸೆಯಿತು. ಟ್ಯೂಬು ಅವನ ಕಾಲ ಬಳಿ ಬಂದು ಬಿತ್ತು, ಅವನು ಅದನ್ನು ಎತ್ತಿಕೊಳ್ಳದೆ ಹೆಂಡತಿಯ ಕಡೆ ನೋಡಿದ. "ನೀನೇ ಹಚ್ಚು. ನನ್ನ ಕೈ ಒರಟು," ಎಂದ. ಕೂಸು ಅತ್ತು ಅತ್ತು ಬಿಕ್ಕುತ್ತಿತ್ತು.

"ನೀವೇ ಹಚ್ಚಿ," ಎಂದಳು ಕೊನೆಗೆ. ಧ್ವನಿಯಲ್ಲಿ ಕ್ಷಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ದಣಿವಿತ್ತು. ಕೂಸನ್ನು ಎಳೆದು ತನ್ನ ಎದುರಿಗೆ, ಮುಖ ಕಾಣುವ ಹಾಗೆ ಕೂರಿಸಿಕೊಂಡಳು. "ನೀವು ಹಚ್ಚಿ. ನಾನು ಅವಳ ಮುಖ ನೋಡ್ತಾ ಇರ್ತೀನಿ."

ಅವನು ಕೂತು ಆ ಪುಟ್ಟ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೆರಳ ಮೇಲೆ ಮುಲಾಮು ಬಂದದ್ದು ಕಂಡಿತು, ತಣ್ಣಗಿದೆಯೋ ಹೇಗೋ ತಿಳಿಯಲಿಲ್ಲ. ಎಷ್ಟು ಒತ್ತುತ್ತಿದ್ದೇನೆ ಎಂಬುದರಲ್ಲೂ ಈಗ ನಂಬಿಕೆ ಉಳಿದಿರಲಿಲ್ಲ. ಕೂಸು ಅಳು ನಿಲ್ಲಿಸಿತ್ತು. ಅದರ ಮುಖವನ್ನು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಕೂಸನ್ನೇ ನೋಡುತ್ತಿದ್ದ ಹೆಂಡತಿಯ ಮುಖದ ಮೇಲೆ ಕಣ್ಣಿಟ್ಟು, ಅವಳ ಹುಬ್ಬು ಒಂದಿಷ್ಟು ಅಲುಗಿದರೂ ಬೆರಳು ಎತ್ತುತ್ತ, ಅವಳು ಹೂಂ ಎಂದ ಮೇಲೆ ಮತ್ತೆ ಇಡುತ್ತ, ಹಿಮ್ಮಡಿಯಿಂದ ಮೇಲಕ್ಕೆ ಹಚ್ಚುತ್ತ ಹೋದ.